ವಸಂತಿಯ ಕಂಪ್ಯೂಟರಿಗೆ ದನಿ ಮರಳಿದ್ದು

ನಾಸಿಕದ ಆ ಬ್ಯಾಂಕಿಗೆ ಫೋನ್ ಮಾಡುತ್ತಿದ್ದವರಿಗೆಲ್ಲ ವಸಂತಿಯ ದನಿ ಗೊತ್ತಿತ್ತು. ಮುಖ ನೋಡಿದವರು ಕಡಿಮೆ. ‘ನಮಸ್ಕಾರ, ಬೋಲಾ’ ಎಂದು ಮರಾಠಿಯಲ್ಲಿ ಶುರು ಮಾಡಿ, ಆ ಕಡೆಯವರ ಉಸಿರಾಟ ಕೇಳಿಯೇ ಇವರಿಗೆ ಬೇಕಾದದ್ದು ಸಾಲದ ವಿಭಾಗವೋ ಪಿಂಚಣಿಯ ವಿಭಾಗವೋ ಎಂದು ಅಂದಾಜು ಕಟ್ಟುವಷ್ಟು ಅವಳು ಆ ಕೆಲಸದಲ್ಲಿ ಪಳಗಿದ್ದಳು. ಹುಟ್ಟಿದ್ದು ಗದಗಿನಲ್ಲಿ. ಚಿಕ್ಕಂದಿನಲ್ಲಿ ಬಂದ ಜ್ವರ ಇಳಿಯುವಾಗ ಕಣ್ಣಿನ ಬೆಳಕನ್ನೂ ತೆಗೆದುಕೊಂಡು ಹೋಗಿತ್ತು. ಅಪ್ಪ ಹುಬ್ಬಳ್ಳಿಯ ಅಂಧರ ಶಾಲೆಗೆ ಸೇರಿಸಿದ. ಬ್ರೈಲ್ ಕಲಿತಳು, ಟೆಲಿಫೋನ್ ಆಪರೇಟರ್ ತರಬೇತಿ ಮುಗಿಸಿದಳು, ಅಲ್ಲಿಯೇ ಅದೇ ಬ್ಯಾಂಕಿನ ಶಾಖೆಯಲ್ಲಿ ನೌಕರಿ ಹಿಡಿದಳು.

ಮದುವೆಯೂ ಫೋನಿನಿಂದಲೇ ಕೂಡಿ ಬಂತು. ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ತಂತ್ರಜ್ಞನಾಗಿದ್ದ ರಘೋತ್ತಮ ತನ್ನ ತಂದೆಯ ಪಿಂಚಣಿ ವಿಷಯಕ್ಕೆ ನಾಸಿಕದಿಂದ ಹುಬ್ಬಳ್ಳಿಗೆ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದ. ಪಿಂಚಣಿ ಇತ್ಯರ್ಥವಾದ ಮೇಲೂ ಫೋನ್ ನಿಲ್ಲಲಿಲ್ಲ. ಮದುವೆಯಾಗಿ ವಸಂತಿ ವರ್ಗ ಮಾಡಿಸಿಕೊಂಡು ನಾಸಿಕಕ್ಕೆ ಬಂದಳು. ಮಗಳು ಅಮೂಲ್ಯಾ ಬೆಳೆದು ಪುಣೆಯ ಹಾಸ್ಟೆಲ್ ಸೇರುವ ಹೊತ್ತಿಗೆ ಮಾವ ತೀರಿಕೊಂಡು, ಅತ್ತೆ ಕೃಷ್ಣಾಬಾಯಿ ಸವಣೂರಿನ ಮನೆಗೆ ಬೀಗ ಹಾಕಿ, ಮಗ ಸೊಸೆಯ ಜೊತೆ ನಾಸಿಕದ ಇಂದಿರಾನಗರದ ಫ್ಲ್ಯಾಟಿನಲ್ಲಿ ಇರತೊಡಗಿದ್ದರು.

ಅಷ್ಟರಲ್ಲಿ ಬ್ಯಾಂಕಿಗೆ ಹೊಸ ಟೆಲಿಫೋನ್ ಯಂತ್ರ ಬಂತು. ಫೋನ್ ಮಾಡಿದವರಿಗೆ ಯಂತ್ರವೇ ‘ಸಾಲಕ್ಕಾಗಿ ಒಂದು ಒತ್ತಿ, ಠೇವಣಿಗಾಗಿ ಎರಡು ಒತ್ತಿ’ ಎನ್ನುತ್ತಿತ್ತು. ವಸಂತಿಗೆ ಕುರ್ಚಿ ಉಳಿಯಿತು, ಕೆಲಸ ಉಳಿಯಲಿಲ್ಲ. ಸಂಬಳಕ್ಕೇನೂ ಕುಂದಿಲ್ಲದಿದ್ದರೂ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾರೂ ಮಾತಾಡದ ತಂತಿಯ ಮುಂದೆ ಇಡೀ ದಿನ ಕೂರುವುದು ಅವಳಿಗೆ ದಂಡನೆಯಂತೆ ಆಗಿತ್ತು.

ಉಡುಪಿ ಕಡೆಯಿಂದ ವರ್ಗವಾಗಿ ಬಂದಿದ್ದ ಮ್ಯಾನೇಜರ್ ನರಹರಿ ಇದನ್ನು ಗಮನಿಸಿದರು. ಒಂದು ದಿನ ಕರೆದು, “ವಸಂತಿಯವರೇ, ಗ್ರಾಹಕರ ದೂರುಗಳೆಲ್ಲ ಈಗ ಈಮೇಲಿನಲ್ಲಿ ಬರುತ್ತಿವೆ. ಅದಕ್ಕೊಂದು ಸಹಾಯ ಮೇಜು ಶುರು ಮಾಡುವವರಿದ್ದೇವೆ. ಓದಿ ಉತ್ತರ ಬರೆಯುವವರು ಬೇಕು. ನಿಮ್ಮಿಂದ ಆದೀತಾ?” ಎಂದು ಕೇಳಿದರು.

“ಆಗತದ ಸರ್,” ಅಂದುಬಿಟ್ಟಳು ವಸಂತಿ. ಹೇಗೆ ಆಗುತ್ತದೆ ಎಂಬುದು ಆ ಗಳಿಗೆಯಲ್ಲಿ ಅವಳಿಗೂ ಗೊತ್ತಿರಲಿಲ್ಲ.

ಗೊತ್ತಿದ್ದವನೊಬ್ಬ ಸಂಭಾಜಿನಗರದಲ್ಲಿದ್ದ. ಲಾಲಸಾಬ ಅಂತ, ವಿಜಯಪುರದ ಕಡೆಯವನು. ಎಳೆಯ ವಯಸ್ಸಿನಲ್ಲಿ ಆ ಊರ ಪಕ್ಕದ ಕಾರ್ಖಾನೆಗಳ ವಾಳೂಜಿಗೆ ಲೇಥ್ ಕೆಲಸಕ್ಕೆಂದು ಬಂದವನಿಗೆ ಯಾವುದೋ ಕಾಯಿಲೆಯಿಂದ ದೃಷ್ಟಿ ಮೆಲ್ಲಗೆ ಕರಗುತ್ತ ಹೋಗಿ, ಕೊನೆಗೆ ಪೂರ್ತಿ ಹೋಗಿತ್ತು. ಅವನು ಕಂಪ್ಯೂಟರ್ ಕಲಿತು, ಈಗ ತನ್ನಂಥವರಿಗೆ ಕಲಿಸುವ ಸಣ್ಣ ಕೇಂದ್ರವೊಂದನ್ನು ನಡೆಸುತ್ತಿದ್ದ. ಬ್ಯಾಂಕಿನ ಸಹೋದ್ಯೋಗಿಯೊಬ್ಬರಿಂದ ಅವನ ನಂಬರು ಸಿಕ್ಕಿತು. ಫೋನಿನಲ್ಲಿ ಕನ್ನಡ ಕೇಳಿದ್ದೇ ಲಾಲಸಾಬ ಮರುವಾರವೇ ರೈಲು ಹತ್ತಿ ನಾಸಿಕಕ್ಕೆ ಬಂದ. ರಘೋತ್ತಮ ಯಾರಿಂದಲೋ ತಂದಿದ್ದ ಹಳೆಯ ಕಂಪ್ಯೂಟರಿಗೆ ಅವನು ಲಿನಕ್ಸ್ ಎಂಬ ಪುಕ್ಕಟೆ ಕಾರ್ಯವ್ಯವಸ್ಥೆ ಹಾಕಿಕೊಟ್ಟ. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶವೂ ಅದರಲ್ಲೇ ಇತ್ತು. ಇಂಗ್ಲಿಷಿನ ಜೊತೆಗೆ ಅದು ಕನ್ನಡವನ್ನೂ ತೊದಲುತ್ತಿತ್ತು.

“ಮೌಸ್ ಮೂಲ್ಯಾಗ ಇಟ್ಟುಬಿಡ್ರಿ ಅಕ್ಕಾರ. ಅದು ಕಣ್ಣಿದ್ದವರ ಆಟಗಿ. ನಿಮಗ ಈ ಕೀಲಿಮಣಿ ಸಾಕು,” ಅಂದ.

ಕಂಪ್ಯೂಟರಿನ ಮೂಗಿನ ದನಿ ಕಿವಿಗೆ ಬಿದ್ದು ಕೃಷ್ಣಾಬಾಯಿ ಅಡಿಗೆಮನೆಯಿಂದಲೇ ಕೇಳಿದರು: “ಯಾರದು, ನೆಗಡಿ ಬಂದಾಂವ ಮಾತಾಡ್ಲಿಕ್ಕೆ ಹತ್ತಾನ?”

ಅವರಿಗೆ ಆ ಪೆಟ್ಟಿಗೆ ಹಿಡಿಸಲಿಲ್ಲ. ಸೊಸೆ ಬ್ಯಾಂಕಿನಿಂದ ಬಂದವಳೇ ಅದರ ಮುಂದೆ ಕೂತು, ಅದು ಮೂಗಿನಲ್ಲಿ ಗೊಣಗಿದ್ದನ್ನು ಕೇಳುತ್ತ ಟಕಟಕ ಕುಟ್ಟುವುದು ಅವರ ಕಣ್ಣಿಗೆ ವಿಚಿತ್ರವಾಗಿ ಕಾಣುತ್ತಿತ್ತು. ವಸಂತಿಗೋ, ಬ್ರೈಲ್ ಪುಸ್ತಕ ಸಿಗದೆ ಓದುವುದನ್ನೇ ಬಿಟ್ಟಿದ್ದವಳಿಗೆ, ಎಲ್ಲಿಯೋ ಬತ್ತಿದ್ದ ಬಾವಿಗೆ ನೀರು ಬಂದಂತಾಗಿತ್ತು. ಪತ್ರಿಕೆ ಓದಿದಳು, ಅಮೂಲ್ಯಾಗೆ ಕಾಗದ ಬರೆದಳು, ಸುಳ್ಳು ಸುಳ್ಳೇ ದೂರುಗಳನ್ನು ಬರೆದು ಅವಕ್ಕೆ ತಾನೇ ಉತ್ತರ ಬರೆದು ಅಭ್ಯಾಸ ಮಾಡಿದಳು. ಸಹಾಯ ಮೇಜು ಸೋಮವಾರ ಶುರು ಎಂದು ನರಹರಿಯವರು ಹೇಳಿದ ವಾರದಲ್ಲಿ ಅವಳ ಕೈ ಓಡುತ್ತಿದ್ದ ವೇಗಕ್ಕೆ ಅವಳೇ ಬೆರಗಾಗಿದ್ದಳು. ಬ್ಯಾಂಕಿನ ಕಂಪ್ಯೂಟರುಗಳು ಮಾತಾಡುತ್ತಿರಲಿಲ್ಲವಾದ್ದರಿಂದ ಸೋಮವಾರ ಇದನ್ನೇ ಅಲ್ಲಿಗೆ ಒಯ್ಯುವುದೆಂದಾಗಿತ್ತು.

ಎಡವಟ್ಟು ಆದದ್ದು ಆ ಶನಿವಾರ. ಅರ್ಧ ದಿನದ ಬ್ಯಾಂಕು ಮುಗಿಸಿ ಬಂದವಳಿಗೆ ಕಂಪ್ಯೂಟರು ಹೊಸ ಅಪ್‌ಡೇಟ್‌ಗಳು ಬಂದಿವೆ ಎಂದು ಹೇಳಿತು. ಲಾಲಸಾಬ ಕಲಿಸಿದ್ದಂತೆ ಅವನ್ನು ಹಾಕಿಕೊಳ್ಳಲು ಆಜ್ಞೆ ಕೊಟ್ಟು, ಅದು ಮುಗಿಯುವಷ್ಟರಲ್ಲಿ ತರಕಾರಿ ತಂದೇನೆಂದು ಕೋಲು ಹಿಡಿದು ಕೆಳಗಿಳಿದಳು. ಮೆಂತ್ಯೆ, ಎಳೆಯ ಮುಳಗಾಯಿ ಮುಟ್ಟಿ ಮುಟ್ಟಿ ಆರಿಸಿಕೊಂಡು ಮೇಲೆ ಬಂದರೆ ಕೋಣೆ ನಿಶ್ಶಬ್ದ. ಕಂಪ್ಯೂಟರಿನ ಪಂಖದ ಸದ್ದೂ ಇಲ್ಲ.

“ಅತ್ತೀ, ಕರೆಂಟ್ ಹೋಗಿತ್ತೇನು?”

“ಇಲ್ಲಲಾ. ಆ ಪೆಟಿಗಿ ಒಂದೇ ಸವನ ಗುರ್ ಅಂತ ಕೂತಿತ್ತು. ನೀನೂ ಇರಲಿಲ್ಲ. ಸುಮ್ಮನ ಯಾಕ ಕರೆಂಟ್ ಸುಡೂದು ಅಂತ ಗ್ವಾಡೀ ಮ್ಯಾಲಿನ ಬಟನ್ ನಾನ ಬಂದ್ ಮಾಡೀನಿ.”

ವಸಂತಿ ಗೋಡೆ ತಡವಿದಳು. ಸ್ವಿಚ್ ಹಾಕಿ, ಕಂಪ್ಯೂಟರಿನ ಗುಂಡಿ ಒತ್ತಿದಳು. ಪಂಖ ತಿರುಗಿತು, ‘ಪೀಂ’ ಎಂಬ ಸಣ್ಣ ಸದ್ದಾಯಿತು, ಒಳಗೆ ಏನೋ ಕರಕರ ಎಂದಿತು. ಆಮೇಲೆ ಬರಬೇಕಾಗಿದ್ದ ಸ್ವಾಗತದ ದನಿ ಬರಲಿಲ್ಲ. ಕಾದಳು. ಸ್ಪೀಕರಿನ ತಂತಿ ತಡವಿ ನೋಡಿದಳು, ಬಿಗಿಯಾಗಿತ್ತು. ಬಂದ್ ಮಾಡಿ ಮತ್ತೆ ಹಾಕಿದಳು. ಅದೇ ಪೀಂ, ಅದೇ ಕರಕರ, ಆಮೇಲೆ ಬರೀ ಮೌನ. ಕಣ್ಣು ಹೋದ ದಿನ ಅವಳಿಗೆ ನೆನಪಿರಲಿಲ್ಲ; ಅದು ಹೀಗೇ ಇದ್ದಿರಬೇಕು ಅನ್ನಿಸಿತು.

ಮೇಲಿನ ಮನೆಯ ಕುಲಕರ್ಣಿಯವರನ್ನು ಕರೆಸಿದಳು. ಅವರು ಪರದೆ ನೋಡಿ, “ಕಾಹೀತರೀ ಎರರ್ ಆಹೇ, ವಹಿನಿ,” ಅಂದರು. ಏನೋ ಎರರ್ ಇದೆ. ಎಂಥ ಎರರ್ ಎಂದು ಕೇಳಿದರೆ, “ಇಂಗ್ಲಿಷ್‌ನಲ್ಲಿ ಏನೇನೋ ಬಹಳ ಇದೆ, ರಿಪೇರಿಯವರಿಗೇ ತೋರಿಸಿ,” ಎಂದು ಹೇಳಿ ಮೇಲೆ ಹೋದರು. ಕಾರ್ಖಾನೆಯ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದ ರಘೋತ್ತಮ ಫೋನಿನಲ್ಲಿ, “ಸೋಮವಾರ ರಜಾ ಹಾಕು. ನಾನು ಬಂದ ಮ್ಯಾಲೆ ನೋಡೋಣಂತ,” ಅಂದ.

“ಮೊದಲನೇ ದಿನಾನ ರಜಾ ಹಾಕಿದ್ರ ಆ ಕುರ್ಚಿ ನನಗ ಉಳಿಯೂದಿಲ್ಲರಿ,” ಅಂದು ಫೋನಿಟ್ಟಳು.

ಊಟಕ್ಕೆ ಕೂತಾಗಲೂ ಸೊಸೆ ಬೈಯಲಿಲ್ಲ. ಬೈದಿದ್ದರೆ ಕೃಷ್ಣಾಬಾಯಿಯೂ ಎದುರು ಬೈದು ಹಗುರಾಗುತ್ತಿದ್ದರು. ಮುಳಗಾಯಿ ಪಲ್ಯಕ್ಕೆ ಉಪ್ಪು ಹಾಕುವುದನ್ನೇ ಇಬ್ಬರೂ ಮರೆತಿದ್ದರು. ಇಬ್ಬರೂ ಅದನ್ನು ಹೇಳದೆ ತಿಂದೆದ್ದರು.

ಭಾನುವಾರ ಮುಂಜಾನೆ ವಸಂತಿ ಲಾಲಸಾಬನಿಗೆ ಫೋನ್ ಹಚ್ಚಿ, ಸ್ಪೀಕರ್ ಮೇಲೆ ಇಟ್ಟಳು. ಆದದ್ದನ್ನೆಲ್ಲ ಕೇಳಿ ಅವನು, “ಕಂಪ್ಯೂಟರ್ ಸತ್ತಿಲ್ಲರಿ ಅಕ್ಕಾರ. ಅಪ್‌ಡೇಟ್ ಅರ್ಧಕ್ಕ ನಿಂತದ್ದಕ್ಕ ಮಾತಾಡೋ ತಂತ್ರಾಂಶ ಎದ್ದಿಲ್ಲ, ಅಷ್ಟ. ಪರದೆ ಮ್ಯಾಲ ಏನ ಬಂದೈತಿ ಅಂತ ನಮಗ ಗೊತ್ತಾಗಬೇಕು. ಓದಾಕ ಯಾರರೆ ಅದಾರನು?” ಎಂದ.

“ನಮ್ಮ ಅತ್ತಿ ಇದ್ದಾರ. ಆದ್ರ ಅವರಿಗೆ ಇಂಗ್ಲಿಷ್ ಬರೂದಿಲ್ಲ.”

“ಎಬಿಸಿಡಿ?”

ಬಾಗಿಲಲ್ಲಿ ನಿಂತಿದ್ದ ಕೃಷ್ಣಾಬಾಯಿಗೆ ಇದು ಸೇರಲಿಲ್ಲ. “ಯಾಕ ಬರಂಗಿಲ್ಲ? ಸವಣೂರ ಸಾಲ್ಯಾಗ ಏಳನೇತ್ತಾದ ತನಕಾ ಓದೀನಿ. ದೊಡ್ಡ ಅಕ್ಷರ, ಸಣ್ಣ ಅಕ್ಷರ ಎರಡೂ ಬರ್ತಾವ. ಕೂಡಿಸಿ ಓದ್ಲಿಕ್ಕೆ ಬರಂಗಿಲ್ಲ, ಅಷ್ಟ.”

“ಅಷ್ಟ ಸಾಕ್ರಿ ಅಮ್ಮಾರ!” ಲಾಲಸಾಬ ಆ ಕಡೆಯಿಂದ ಕೂಗಿದ. “ಅರ್ಥ ಗೊತ್ತಿದ್ದವರು ಅರ್ಧಾ ನುಂಗಿ ಹೇಳತಾರ. ನೀವು ಇದ್ದದ್ದು ಇದ್ದಂಗ ಹೇಳ್ರಿ.”

“ನಾ ಮಡೀಲೆ ಇದ್ದೀನಪಾ. ಪೆಟಿಗಿ ಮುಟ್ಟೂದಿಲ್ಲ.”

“ಮುಟ್ಟೂದು ಅಕ್ಕಾರ ಕೆಲಸ. ನೀವು ದೂರ ನಿಂತು ನೋಡ್ರಿ.”

ಹೀಗೆ ಕೆಲಸ ಶುರುವಾಯಿತು. ಕೃಷ್ಣಾಬಾಯಿ ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಮಾರು ದೂರದಲ್ಲಿ ನಿಂತರು. ಪರದೆ ಕರಿ ಹಲಗೆಯ ಹಾಗಿದೆ, ಬಿಳಿ ಅಕ್ಷರ ಇವೆ, ಕೊನೆಯಲ್ಲೊಂದು ಸಣ್ಣ ಗೆರೆ ಕಣ್ಣು ಮಿಟುಕಿಸುತ್ತಿದೆ ಎಂದು ವರದಿ ಕೊಟ್ಟರು. ವಸಂತಿ ತನ್ನ ಹೆಸರು, ಗುಪ್ತಪದ ಕುಟ್ಟಿದಳು. ಲಾಲಸಾಬ ಹೇಳಿದಂತೆ ಅಪ್‌ಡೇಟ್ ಮುಂದುವರಿಸುವ ಆಜ್ಞೆ ಕೊಟ್ಟಳು.

“ಬಂತು, ಏನೋ ಬಂತು,” ಅಂದರು ಕೃಷ್ಣಾಬಾಯಿ. “ಡಿ. ಪಿ. ಕೆ. ಜಿ. ಜಾಗಾ ಬಿಟ್ಟಾರ. ಡಬ್ಲ್ಯು, ಎ, ಎಸ್. ಜಾಗಾ. ಐ, ಎನ್, ಟಿ, ಇ, ಆರ್, ಮತ್ತ ಆರ್, ಯು, ಪಿ...”

ವಸಂತಿ ಅಕ್ಷರಗಳನ್ನು ಮಣಿಯಂತೆ ಮನಸ್ಸಿನಲ್ಲಿ ಪೋಣಿಸುತ್ತಿದ್ದಳು. ಮೂರನೆಯ ಪದ ಮುಗಿಯುವ ಮೊದಲೇ ಅವಳಿಗೆ ಹೊಳೆಯಿತು. “ಇಂಟರಪ್ಟೆಡ್!”

“ಹಂಗಂದ್ರ?”

“ನಡುವ ಯಾರೋ ತಡದಾರ ಅಂತ ಅರ್ಥರಿ.”

ಕೃಷ್ಣಾಬಾಯಿ ಗೋಡೆಯ ಬಟನ್ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: “ನಾನ ಬಂದ್ ಮಾಡಿದ್ದು ಅಂತ ಅದಕ್ಕೂ ಗೊತ್ತಾತೇನು?”

ಲಾಲಸಾಬ ಫೋನಿನಲ್ಲಿ ನಕ್ಕ ಸದ್ದಿಗೆ ಮೇಜು ನಡುಗಿತು. ನಿನ್ನೆಯಿಂದ ಬಿಗಿದುಕೊಂಡಿದ್ದ ವಸಂತಿಯ ಮುಖವೂ ಸಡಿಲಾಗಿ, ತಡೆಯಲಾರದೆ ಅವಳೂ ನಕ್ಕಳು. “ಹೆಸರು ಬರದಿಲ್ಲ ಬಿಡ್ರಿ ಅತ್ತೀ. ಮುಂದ ಓದ್ರಿ.”

ಮುಂದಿನ ಸಾಲಿನಲ್ಲಿ ಮದ್ದೂ ಇತ್ತು. ಅರ್ಧಕ್ಕೆ ನಿಂತದ್ದನ್ನು ಪೂರ್ತಿ ಮಾಡಲು ಯಾವ ಆಜ್ಞೆ ಕೊಡಬೇಕೆಂದು ಕಂಪ್ಯೂಟರೇ ಬರೆದಿತ್ತು. ಕೃಷ್ಣಾಬಾಯಿ ಅಕ್ಷರ ಬಿಡದೆ ಹೇಳಿದರು, “ಎರಡು ಅಡ್ಡಗೀಟು, ಒಂದಕ್ಕೊಂದು ಹತ್ಯಾವ,” ಎಂಬುದನ್ನೂ ಬಿಡಲಿಲ್ಲ. ವಸಂತಿ ಅದನ್ನೇ ಕುಟ್ಟಿ ಎಂಟರ್ ಒತ್ತಿದಳು.

“ಓಡ್ಲಿಕ್ಕೆ ಹತ್ಯದ! ಸಾಲಿನ ಮ್ಯಾಲೆ ಸಾಲು ಓಡ್ಲಿಕ್ಕೆ ಹತ್ಯದ, ನನಗ ಹಿಡೀಲಿಕ್ಕೇ ಸಿಗವಲ್ದು...” ಎಂದವರು ಗಕ್ಕನೆ ನಿಂತರು. “ನಿಂತಿತು. ಎನ್, ಓ. ಜಾಗಾ. ಎಸ್, ಪಿ, ಎ, ಸಿ, ಇ...”

ಜಾಗ ಇಲ್ಲ. ಡಿಸ್ಕಿನಲ್ಲಿ ಜಾಗ ಉಳಿದಿಲ್ಲ ಎಂದು ಹೇಳುತ್ತಿತ್ತು ಅದು.

ಆ ಕಡೆ ಲಾಲಸಾಬ ಹಣೆ ಚಚ್ಚಿಕೊಂಡ. “ಇದು ನನ್ನ ತಪ್ಪು ನೋಡ್ರಿ ಅಕ್ಕಾರ. ಕಂಪ್ಯೂಟರ್ ಏಳಾಕ ಬೇಕಾದ ಸಾಮಾನು ಇಡೂ ಖೋಲಿ ನಾನ ಸಣ್ಣದ ಮಾಡೀನಿ. ಒಂದೊಂದು ಅಪ್‌ಡೇಟಿಗೂ ಹೊಸಾ ಕರ್ನಲ್ ಬರ್ತೈತಿ, ಹಳೇ ಕರ್ನಲ್ ಹೊರಗ ಹೋಗೂದಿಲ್ಲ. ಎಲ್ಲಾರೂ ಅಲ್ಲೇ ಕುಂತುಬಿಟ್ಟಾರ. ಹಳೇವ್ರನ್ನ ಹೊರಗ ಹಾಕಬೇಕು.”

ನಾಸಿಕದ ಪಕ್ಕದ ದೇವಳಾಲಿ ಸೇನಾ ಕ್ಯಾಂಪಿನ ಮಾರುಕಟ್ಟೆಯಲ್ಲಿ ಮೀಸೆ ತಿರುವಿಕೊಂಡು ಓಡಾಡುವ ಫೌಜಿನ ಕರ್ನಲ್‌ಗಳನ್ನಷ್ಟೇ ಕಂಡಿದ್ದ ಕೃಷ್ಣಾಬಾಯಿ ದಂಗಾದರು. “ಏ ವಸಂತೀ, ದೇವಳಾಲಿ ಕ್ಯಾಂಪಿನ ಕರ್ನಲ್ ಈ ಪೆಟಿಗ್ಯಾಗ ಯಾಕ ಕೂತಾನ?”

ಮತ್ತೆ ಸ್ವಲ್ಪ ಹೊತ್ತು ಕೆಲಸ ನಿಂತಿತು. ನಕ್ಕು ಸುಧಾರಿಸಿಕೊಂಡ ವಸಂತಿ, ಇದು ಕಂಪ್ಯೂಟರಿನ ತಿರುಳು, ಎಲ್ಲ ಕೆಲಸಕ್ಕೂ ಅಪ್ಪಣೆ ಕೊಡುವುದು ಅದೇ ಎಂದು ತಿಳಿಸಿದಳು. “ಹಂಗಾದ್ರ ಕರ್ನಲ್ಲನ ಆತಲ್ಲ,” ಅಂದರು ಅತ್ತೆ.

ಇಲ್ಲಿಂದ ಮುಂದಿನದು ನಗೆಯ ಮಾತಾಗಿರಲಿಲ್ಲ. ಈಗ ಯಾವ ಕರ್ನಲ್ ಮೇಲೆ ಕಂಪ್ಯೂಟರು ನಡೆಯುತ್ತಿದೆಯೋ ಅದನ್ನೇ ತಪ್ಪಿ ತೆಗೆದರೆ ಮತ್ತೆ ಅದು ಏಳುವುದೇ ಇಲ್ಲ ಎಂದು ಲಾಲಸಾಬ ಎಚ್ಚರಿಸಿದ. ಮೊದಲು ನಡೆಯುತ್ತಿರುವುದರ ಹೆಸರು ಕೇಳಿದರು. ಆಮೇಲೆ ಖೋಲಿಯಲ್ಲಿ ಕೂತವರೆಲ್ಲರ ಹೆಸರು. ಎಲ್ಲವೂ ಒಂದೇ ಮನೆಯವರ ಹೆಸರಿನಂತೆ ಉದ್ದಕ್ಕೂ ಒಂದೇ ಥರ, ಕೊನೆಯ ಅಂಕಿಯಲ್ಲಿ ಮಾತ್ರ ವ್ಯತ್ಯಾಸ. ನಡೆಯುತ್ತಿರುವುದು ಹದಿನೇಳು ಎಂದರು ಕೃಷ್ಣಾಬಾಯಿ. ಪಟ್ಟಿ ಓದುವಾಗ ಹದಿಮೂರು, ಹದಿನಾಲ್ಕು, ಹನ್ನೊಂದು ಅಂದರು. ಹದಿನೇಳು ಬರಲೇ ಇಲ್ಲ.

ವಸಂತಿಯ ಬೆರಳು ಕೀಲಿಯ ಮೇಲೆಯೇ ನಿಂತಿತು. ಬ್ಯಾಂಕಿನಲ್ಲಿ ಖಾತೆ ನಂಬರು ಹೇಳಿಸಿಕೊಳ್ಳುವಾಗ ಅನುಮಾನ ಬಂದರೆ ಅವಳು ಹಿಂದಿನಿಂದ ಮುಂದಕ್ಕೆ ಹೇಳಿಸುತ್ತಿದ್ದಳು. “ಅತ್ತೀ, ಕಡೀ ಅಂಕಿಯಿಂದ ಉಲ್ಟಾ ಓದ್ರಿ.”

“ಕಡೀದು... ಒಂದೋ ಏಳೋ... ತಡಿ, ತಡಿ. ಇದು ದೂರಂದ ನೋಡೋ ಚಷ್ಮಾ. ಪೋಥಿ ಓದೋ ಚಷ್ಮಾ ತರ್ತೀನಿ.”

ಚಷ್ಮಾ ಬದಲಾಯಿತು, ಮಾರು ದೂರ ಗೇಣಾಯಿತು. ಮಡಿಯಲ್ಲಿದ್ದ ಕೃಷ್ಣಾಬಾಯಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದ್ದಾರೆಂಬುದು ಅವರ ಕೂದಲಿನ ಸೀಗೆಕಾಯಿ ವಾಸನೆಯಿಂದಲೇ ವಸಂತಿಗೆ ಗೊತ್ತಾಯಿತು. ನಡೆಯುತ್ತಿದ್ದುದು ಹದಿನೇಳೇ. ಪಟ್ಟಿಯಲ್ಲಿ ಹನ್ನೊಂದು ಎಂದು ಓದಿದ್ದೂ ಹದಿನೇಳಾಗಿತ್ತು. ಅದನ್ನು ಬಿಟ್ಟು ಹದಿಮೂರು, ಹದಿನಾಲ್ಕನ್ನು ತೆಗೆಯುವುದೆಂದಾಯಿತು. ವಸಂತಿ ಎಂಟರ್ ಒತ್ತಿದಳು.

ಜಾಗವಾಯಿತು. ನಿಂತಿದ್ದ ಅಪ್‌ಡೇಟನ್ನು ಮತ್ತೆ ಓಡಿಸಿದರು. ಈ ಸಲ ಅದು ನಡುವೆ ನಿಲ್ಲದೆ ಕೊನೆ ಮುಟ್ಟಿತು. ಬಂದ್ ಮಾಡಿ ಹಾಕಿದಾಗ ಪೀಂ ಎಂದಿತು, ಕರಕರ ಎಂದಿತು. ಆ ಕಡೆ ಏನೋ ಕೇಳಹೊರಟ ಲಾಲಸಾಬನನ್ನು ಕೃಷ್ಣಾಬಾಯಿ, “ಸುಮ್ಮನಿರಪಾ ಒಂದೀಟು,” ಎಂದು ಗದರಿದರು.

ಮೂಗಿನಿಂದ ಬರುವ ಆ ದನಿ ‘ಸ್ವಾಗತ’ ಅಂದಿತು.

“ಬಂದ ನೋಡು ನೆಗಡಿಯಾಂವ!” ಕೃಷ್ಣಾಬಾಯಿ ಚಪ್ಪಾಳೆ ತಟ್ಟಿದರು. ವಸಂತಿ ತಡವರಿಸಿ ಅತ್ತೆಯ ಕೈ ಹಿಡಿದುಕೊಂಡಳು. ಮಡಿ ಕೆಟ್ಟಿತು. ಕೃಷ್ಣಾಬಾಯಿ ಕೈ ಬಿಡಿಸಿಕೊಳ್ಳಲಿಲ್ಲ. “ಇರಲಿ ತಗೋ, ಇನ್ನೊಮ್ಮೆ ಸ್ನಾನಾ ಮಾಡಿದ್ರಾತು,” ಅಂದರು.

ಸೋಮವಾರ ವಸಂತಿ ಕಂಪ್ಯೂಟರನ್ನು ರಿಕ್ಷಾದಲ್ಲಿ ಬ್ಯಾಂಕಿಗೆ ಒಯ್ದು ಸಹಾಯ ಮೇಜಿನ ಕುರ್ಚಿಯಲ್ಲಿ ಕೂತಳು. ಮೊದಲ ದೂರು ಸಿನ್ನರಿನ ಈರುಳ್ಳಿ ವ್ಯಾಪಾರಿಯದು. ಎಟಿಎಂ ಕಾರ್ಡು ಬಂದಿಲ್ಲವೆಂದು ಅರ್ಧ ಪುಟ ಸಿಟ್ಟು. ಅವಳ ಉತ್ತರ ಓದಿ ವ್ಯಾಪಾರಿ ಮರುದಿನ ಬ್ಯಾಂಕಿಗೇ ಬಂದು, ಇಷ್ಟು ಮರ್ಯಾದೆಯಿಂದ ಬರೆದವರು ಯಾರೆಂದು ಕೇಳಿದನಂತೆ. ನರಹರಿಯವರು ಕರೆತಂದು ಪರಿಚಯಿಸಿದರು. ಅವನು ಏನು ಹೇಳಬೇಕೋ ತಿಳಿಯದೆ, “ನಮ್ಮೂರಿಗೆ ಬಂದರೆ ಈರುಳ್ಳಿ ಒಯ್ಯಿರಿ,” ಎಂದು ಹೇಳಿ ಹೋದ.

ಮಳೆಗಾಲ ಕಳೆದು ದೀಪಾವಳಿ ಹತ್ತಿರ ಬಂದಾಗ ಲಾಲಸಾಬನ ಫೋನು ಬಂತು. ಈ ಸಲ ತೊಂದರೆ ಅವನದು. ಯಾವುದೋ ಕಚೇರಿಯವರು ಗೋದಾಮಿನಲ್ಲಿ ಬಹಳ ಕಾಲ ಬಿದ್ದಿದ್ದ ಹಳೆಯ ಕಂಪ್ಯೂಟರುಗಳನ್ನು ಅವನ ಕೇಂದ್ರಕ್ಕೆ ದಾನ ಕೊಟ್ಟಿದ್ದರು. ಅವಕ್ಕೆ ತಾಳುವಂಥ ಹಗುರ ಲಿನಕ್ಸ್ ಹಾಕಿದ್ದಾಯಿತು. ಅದರಲ್ಲಿಲ್ಲದ ಮಾತಾಡುವ ತಂತ್ರಾಂಶವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು, ಅದೊಂದೇ ಆಗುತ್ತಿಲ್ಲ. ಅದು ಬರುವ ತನಕ ಕಂಪ್ಯೂಟರುಗಳೆಲ್ಲ ಮೂಕ.

“ಎದುರಿನ ಅಂಗಡಿಯವರನ್ನ ಕರದು ಓದಿಸಿದೆನ್ರಿ. ‘ಎರರ್ ಐತಿ’ ಅಂದು ಹ್ವಾದ್ರು. ಎರರ್ ಇರೂದು ನನಗೂ ಗೊತ್ತೈತಿ,” ಅಂದವನು, “ಅಕ್ಕಾರ, ನಿಮ್ಮ ಅತ್ತೆಯವರು ಒಂದೊಪ್ಪತ್ತು ಬಿಡುವ ಮಾಡ್ಕೋತಾರನು?” ಎಂದು ಕೇಳಿದ.

ಕೃಷ್ಣಾಬಾಯಿ ಎರಡೂ ಚಷ್ಮಾ ಚೀಲಕ್ಕೆ ಹಾಕಿಕೊಂಡರು. ಭಾನುವಾರ ಬೆಳಗಿನ ರೈಲಿಗೆ ರಘೋತ್ತಮ ಇಬ್ಬರನ್ನೂ ನಾಸಿಕ್ ರೋಡಿನಲ್ಲಿ ಹತ್ತಿಸಿದ. ಮನ್ಮಾಡ್ ದಾಟಿದ ಮೇಲೆ ಕೃಷ್ಣಾಬಾಯಿ ಹಚ್ಚಿದ ಅವಲಕ್ಕಿ ಬಿಚ್ಚಿದರು. ಕಿಟಕಿಯಾಚೆ ಬೋಳು ಗುಡ್ಡ, ಮೆಕ್ಕೆಜೋಳದ ಹೊಲ ಹೇಗೆ ಸರಿಯುತ್ತಿವೆಯೆಂದು ಉದ್ದಕ್ಕೂ ಹೇಳುತ್ತ ಬಂದರು. ಹೀಗೆ ಕಂಡದ್ದನ್ನೆಲ್ಲ ಹೇಳುವ ಅಭ್ಯಾಸ ಅವರಿಗೆ ಈ ಕೆಲವು ತಿಂಗಳಲ್ಲಿ ಬಂದದ್ದು. ಮೊದಲು ಜೊತೆಯಲ್ಲಿ ಕೂತರೂ ಅವರು ತಮ್ಮ ಪಾಡಿಗೆ ತಾವಿರುತ್ತಿದ್ದರು.

ಕೇಂದ್ರವೆಂದರೆ ಒಂದು ಉದ್ದನೆಯ ಕೋಣೆ. ಹೊಸ ಸುಣ್ಣದ ವಾಸನೆ ಇನ್ನೂ ಆರಿರಲಿಲ್ಲ. ವಿದ್ಯಾರ್ಥಿಗಳು ಆಗಲೇ ಬೆಂಚುಗಳ ಮೇಲೆ ಕೂತು ಮರಾಠಿಯಲ್ಲಿ ಗಲಗಲ ಎನ್ನುತ್ತಿದ್ದರು. ಕೃಷ್ಣಾಬಾಯಿ ಮೊದಲ ಕಂಪ್ಯೂಟರಿನ ಮುಂದೆ ಕೂತು ಕೆಲಸ ಹಚ್ಚಿದರು. ಒಂದೊಂದೇ ಅಕ್ಷರ ಬೀಳುವಾಗ ಕೋಣೆ ಪೂರ್ತಿ ಕಿವಿಗೊಟ್ಟಿತು. ಪದ ಪೂರ್ತಿಯಾಗುವ ಮೊದಲೇ ಹೇಳಲು ವಿದ್ಯಾರ್ಥಿಗಳಲ್ಲಿ ಪೈಪೋಟಿ ಹತ್ತಿತು. ‘ಸಿಗ್ನೇಚರ್’ ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಕೂಗಿದಳು.

ಇಳಿಸಿಕೊಳ್ಳುವ ಸಾಮಾನಿನ ಮೇಲೆ ಅದನ್ನು ತಯಾರಿಸಿದವರ ಸಹಿ ಇರುತ್ತದೆ, ಆ ಸಹಿ ತಾಳೆಯಾಗುತ್ತಿಲ್ಲ ಎಂದು ಕಂಪ್ಯೂಟರು ಹಟ ಹಿಡಿದಿತ್ತು. ವಿದ್ಯಾರ್ಥಿಗಳಲ್ಲಿ ಚುರುಕಾದ ಉತ್ಕರ್ಷ, ಸಹಿ ನೋಡಬೇಡವೆಂದು ಆಜ್ಞೆ ಕೊಟ್ಟರೆ ಕೆಲಸ ಆಗಿಹೋಗುತ್ತದಲ್ಲ ಮ್ಯಾಡಮ್ ಎಂದು ಮರಾಠಿಯಲ್ಲಿ ಹೇಳಿದ.

“ಆಗುತ್ತದೆ. ಆದರೆ ನಾನು ಬ್ಯಾಂಕಿನವಳು,” ವಸಂತಿಯೂ ಮರಾಠಿಯಲ್ಲೇ ಅಂದಳು. “ಸಹಿ ಕೂಡದ ಚೆಕ್ಕನ್ನು ಪಾಸು ಮಾಡಲಾರೆ. ಮೊದಲು ಯಾಕೆ ಕೂಡುತ್ತಿಲ್ಲ ನೋಡೋಣ.”

ಉತ್ಕರ್ಷ ನಕ್ಕು, ಹಾಗಾದರೆ ಸಹಿಯನ್ನೇ ಬಿಡಿಸಿ ತೋರಿಸುವ ಆಜ್ಞೆ ತನಗೆ ಗೊತ್ತಿದೆಯೆಂದು ಅದನ್ನು ಹೇಳಿಕೊಟ್ಟ. ವಸಂತಿ ಕುಟ್ಟಿದಳು. ಕೃಷ್ಣಾಬಾಯಿ ಓದುತ್ತ ಹೋದಂತೆ ಒಂದು ಪದ ಎಲ್ಲರ ಕಿವಿಗೂ ಒಮ್ಮೆಲೇ ಬಿತ್ತು: ‘ಫ್ಯೂಚರ್’.

“ಸಹಿ ತಾಳೆ ನೋಡೋ ಬೀಗದಕೈ ಭವಿಷ್ಯದಾಗ ಹುಟ್ಟೇದ ಅನ್ನಲಿಕ್ಕೆ ಹತ್ಯದ,” ಎಂದು ವಸಂತಿ ಅತ್ತೆಗೆ ಬಿಡಿಸಿ ಹೇಳಿದಳು. “ಇನ್ನೂ ಹುಟ್ಟದೇ ಇದ್ದದ್ದರ ಸಹಿ ಹೆಂಗ ಒಪ್ಪಲಿ ಅಂತ ಅದರ ಮಾತು.”

“ಇನ್ನೂ ಹುಟ್ಟಿಲ್ಲಂದ್ರ?” ಕೃಷ್ಣಾಬಾಯಿ ತಲೆ ಕೆರೆದುಕೊಂಡರು. “ಇದಕ್ಕ ಇವತ್ತು ಯಾವ ದಿನಾ ಅಂತ ತಿಳದದ?”

ಲಾಲಸಾಬ ತೊಡೆ ತಟ್ಟಿಕೊಂಡ. ವಸಂತಿಯ ಬೆರಳುಗಳು ಆಗಲೇ ತಾರೀಖು ಕೇಳುವ ಆಜ್ಞೆ ಕುಟ್ಟುತ್ತಿದ್ದವು. ಕೃಷ್ಣಾಬಾಯಿ ಓದಿದರು: ಜೆ, ಎ, ಎನ್, ಒಂದು, ಆಮೇಲೆ ಇಸವಿ, ಎರಡು ಸಾವಿರದ ಎರಡು.

“ಅಯ್ಯ! ನಾಡದು ದೀಪಾವಳಿ. ಇದು ಸಂಕ್ರಾಂತಿನೂ ಮಾಡಿಲ್ಲ!”

ಗೋದಾಮಿನಲ್ಲಿ ಬಿದ್ದು ಬಿದ್ದು ಕಂಪ್ಯೂಟರಿನೊಳಗೆ ತಾರೀಖು ಕಾಯುವ ಗುಂಡು ಬ್ಯಾಟರಿ ಸತ್ತಿತ್ತು. ಬಂದ್ ಮಾಡಿ ಹಾಕಿದಾಗೆಲ್ಲ ಅದು ತಾನು ಹುಟ್ಟಿದ ಇಸವಿಗೇ ಹಿಂದೆ ಹೋಗುತ್ತಿತ್ತು. ಉಳಿದವನ್ನೂ ನೋಡಿದರೆ ಎಲ್ಲದರದೂ ಅದೇ ಕತೆ. ತಾರೀಖು ಸರಿ ಮಾಡಿ ಆಜ್ಞೆ ಕೊಟ್ಟದ್ದೇ ತಡ, ಸಹಿ ಕೂಡಿತು, ಸಾಮಾನು ಇಳಿಯತೊಡಗಿತು. ಇಳಿಯುವ ಹೊತ್ತಿನಲ್ಲಿ ಲಾಲಸಾಬ ಗುಲಮಂಡಿ ಪೇಟೆಯ ಗಡಿಯಾರದ ಅಂಗಡಿಗೆ ಹೇಳಿ ಕಳಿಸಿ ಗುಂಡು ಬ್ಯಾಟರಿ ತರಿಸಿದ. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಅವನ್ನು ಕೂರಿಸುವುದನ್ನು ವಿದ್ಯಾರ್ಥಿಗಳು ಬೆರಳಿನಿಂದಲೇ ಮಾಡಿ ಕಲಿತರು. ನಾಣ್ಯದಷ್ಟು ದಪ್ಪದ ಆ ಬಿಲ್ಲೆ ಕೈಯಿಂದ ಕೈಗೆ ಹೋಗಿ ಎಲ್ಲರಿಗೂ ಪರಿಚಯವಾಯಿತು.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಕಂಪ್ಯೂಟರುಗಳನ್ನೂ ಒಟ್ಟಿಗೆ ಹಾಕಿದರು. ಒಂದರ ಹಿಂದೊಂದು, ಒಂದರ ಮೇಲೊಂದು, ಬೇರೆ ಬೇರೆ ಶ್ರುತಿಯಲ್ಲ, ಎಲ್ಲವೂ ಅದೇ ಮೂಗಿನ ದನಿಯಲ್ಲಿ ಸ್ವಾಗತ ಕೋರಿದವು. ಬೆಂಚು ಗುದ್ದುವ ಸದ್ದು, ಸಿಳ್ಳೆ, ನಗು. ಹಿಂದಿನ ಬೆಂಚಿನ ಹುಡುಗಿ ಬಂದು ಕೃಷ್ಣಾಬಾಯಿಯ ಕಾಲು ಹುಡುಕಿ ಮುಟ್ಟಿದಳು. ಮನೆಯಿಂದ ತಂದ ಬುತ್ತಿಯ ಹೊರತು ಎಲ್ಲೂ ಏನೂ ತಿನ್ನದ ಕೃಷ್ಣಾಬಾಯಿ, ಲಾಲಸಾಬನ ಹೆಂಡತಿ ಕೊಟ್ಟ ಸೀತಾಫಲವನ್ನು ಹಣ್ಣಿಗೇನು ದೋಷವೆಂದು ಕೂತಲ್ಲೇ ತಿಂದರು.

ಹೊರಡುವಾಗ ಲಾಲಸಾಬ ಬಾಗಿಲ ತನಕ ಬಂದ. “ಅಕ್ಕಾರ, ಒಂದು ಮಾತು. ಕೀಲಿಮಣಿ ನಾ ಕಲಿಸ್ತೀನಿ. ಕೆಟ್ಟಾಗ ಹೆದರದಂಗ ಕೂಡೂದು ಹೆಂಗ ಅನ್ನೂದು ನೀವು ಬಂದು ಕಲಿಸ್ರಿ. ತಿಂಗಳಿಗೊಂದು ಭಾನುವಾರ ಸಾಕು.”

ಶನಿವಾರದ ಆ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ತಾನು ಹೇಗೆ ಕೂತಿದ್ದೆನೆಂದು ವಸಂತಿಗೇ ಗೊತ್ತು. ಹೆದರಿಕೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. “ಹೆದರಿಕಿ ನನಗೂ ಆಗತದ ಲಾಲಸಾಬ,” ಅಂದಳು.

“ಅದಕ್ಕ ನೀವ ಬೇಕು,” ಅಂದ ಅವನು.

ಒಪ್ಪಿಕೊಂಡಳು. ಮೊದಲ ಪಾಠದ ದಿನ ಅವಳು ಮಾಡಿದ್ದು ಒಂದೇ: ಒಬ್ಬೊಬ್ಬರ ಕಂಪ್ಯೂಟರಿನ ದನಿಯನ್ನೂ ಬೇಕೆಂದೇ ಬಂದ್ ಮಾಡಿಸಿ, ಸುಮ್ಮನೆ ಕೂರಿಸಿದಳು. ಕೋಣೆ ಸ್ತಬ್ಧವಾಯಿತು. ಆ ನಿಶ್ಶಬ್ದದಲ್ಲಿ ಪಂಖದ ಸದ್ದು ಕೇಳಿ, ಡಿಸ್ಕಿನ ಕರಕರ ಕೇಳಿ, ದನಿ ಹೋಗುವ ಮೊದಲು ಕೊನೆಯದಾಗಿ ಏನು ಮಾಡಿದ್ದೆವೆಂದು ನೆನಪಿಸಿಕೊಳ್ಳಿ ಅಂದಳು. ಸ್ವಲ್ಪ ಹೊತ್ತಿಗೆ ಯಾರೋ, “ಮ್ಯಾಡಮ್, ನನ್ನದು ಉಸಿರಾಡುತ್ತಿದೆ,” ಅಂದರು.

“ಹಾಗಾದರೆ ಶುರು ಮಾಡೋಣ,” ಎನ್ನುತ್ತ ವಸಂತಿ ತನ್ನ ಕುರ್ಚಿಯನ್ನು ಆ ದನಿಯ ಹತ್ತಿರಕ್ಕೆ ಎಳೆದುಕೊಂಡಳು.